ಚಾಲನೆಯಲ್ಲಿರುವ ರೂಟರ್‌ನಿಂದ ಕಾರ್ಡ್ ತೆಗೆಯುವ ಮುನ್ನ

ದೊಡ್ಡ ರೂಟರ್‌ನ ಚಾಸಿಯೊಳಗೆ ಮಾರ್ಗಗಳನ್ನು ಲೆಕ್ಕ ಹಾಕುವ ಪ್ರೊಸೆಸರ್ ಕಾರ್ಡ್, ಕೇಬಲ್‌ಗಳು ಬಂದು ಸೇರುವ ಲೈನ್ ಕಾರ್ಡ್‌ಗಳು, ಅವುಗಳ ನಡುವೆ ದತ್ತಾಂಶದ ಪ್ಯಾಕೆಟ್ ಸಾಗಿಸುವ ಸ್ವಿಚ್ ಫ್ಯಾಬ್ರಿಕ್, ಪವರ್ ಸಪ್ಲೈ, ಫ್ಯಾನ್ ಟ್ರೇ ಎಲ್ಲವೂ ಬಿಡಿಬಿಡಿಯಾಗಿ ಕೂತಿರುತ್ತವೆ. ಇವುಗಳಲ್ಲಿ ಹಲವನ್ನು ರೂಟರ್ ಆಫ್ ಮಾಡದೆಯೇ ಬದಲಿಸಬಹುದು. ಇದನ್ನೇ ಹಾಟ್ ಸ್ವಾಪ್ ಎನ್ನುತ್ತೇವೆ. ಈ ಸೌಲಭ್ಯದ ಭರವಸೆ ಎಲ್ಲಿಯವರೆಗೆ ಎಂಬುದನ್ನು ತಿಳಿಯದೆ ಕಾರ್ಡ್‌ಗೆ ಕೈ ಹಾಕುವವರು ಇಂದಿಗೂ ಇದ್ದಾರೆ. ಯಂತ್ರಾಂಶಕ್ಕೆ ಪೆಟ್ಟಾಗುವುದಿಲ್ಲ ಎಂಬುದಷ್ಟೇ ಆ ಭರವಸೆ; ಆ ಕಾರ್ಡ್‌ನ ಮೂಲಕ ಹರಿಯುತ್ತಿದ್ದ ಟ್ರಾಫಿಕ್‌ನ ಹೊಣೆ ಎಂಜಿನಿಯರನದೇ.

ವಿದ್ಯುತ್ತಿನ ಮಟ್ಟದಲ್ಲಿ ನಡೆಯುವ ಏರ್ಪಾಡು ಬಹಳ ಅಚ್ಚುಕಟ್ಟಾದದ್ದು. ಕನೆಕ್ಟರ್‌ನ ಪಿನ್‌ಗಳೆಲ್ಲ ಒಂದೇ ಉದ್ದ ಇರುವುದಿಲ್ಲ: ಗ್ರೌಂಡ್ ಪಿನ್ ಮೊದಲು ತಾಗುತ್ತದೆ, ನಂತರ ಪವರ್, ಆಮೇಲೆ ಸಿಗ್ನಲ್. ಎಲ್ಲಕ್ಕಿಂತ ಗಿಡ್ಡ ಪಿನ್ ಕೊನೆಗೆ ತಾಗಿ, ಕಾರ್ಡ್ ಪೂರ್ತಿ ಕೂತಿತೆಂದು ತಿಳಿಸುತ್ತದೆ. ತೆಗೆಯುವಾಗ ಅದೇ ಪಿನ್ ಮೊದಲು ಬಿಟ್ಟುಕೊಂಡು ಮುನ್ಸೂಚನೆ ಕೊಡುತ್ತದೆ. ಕಾರ್ಡ್‌ನ ಖಾಲಿ ಕೆಪಾಸಿಟರ್‌ಗಳು ಒಮ್ಮೆಲೇ ಭಾರಿ ಕರೆಂಟ್ ಎಳೆದು ಉಳಿದ ಕಾರ್ಡ್‌ಗಳ ವೋಲ್ಟೇಜ್ ಕುಸಿಯದಂತೆ, ಹಾಟ್ ಸ್ವಾಪ್ ಕಂಟ್ರೋಲರ್ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಮೂಲಕ ಪವರನ್ನು ನಿಧಾನವಾಗಿ ಏರಿಸುತ್ತದೆ. ಆದ್ದರಿಂದಲೇ ಕಾರ್ಡನ್ನು ಅಲುಗಾಡಿಸದೆ, ಅರ್ಧಕ್ಕೆ ನಿಲ್ಲಿಸದೆ, ಎರಡೂ ಲಿವರ್‌ಗಳನ್ನು ಒಟ್ಟಿಗೆ ಒತ್ತಿ ಕೂರಿಸಬೇಕು. ಆಂಟಿಸ್ಟ್ಯಾಟಿಕ್ ಪಟ್ಟಿ ಕೈಯಲ್ಲಿರಲೇಬೇಕು. ಸಿಸ್ಕೊ 7500ರಂಥ ಹಳೆಯ ಮಾದರಿಗಳಲ್ಲಿ ಕಾರ್ಡ್‌ಗಳೆಲ್ಲ ಬಸ್ ಎಂಬ ಸಾಮಾನ್ಯ ದತ್ತಾಂಶ ಹಾದಿಯನ್ನು ಹಂಚಿಕೊಳ್ಳುತ್ತಿದ್ದುದರಿಂದ, ಒಂದನ್ನು ಎಳೆದಾಗ ಬಸ್ಸೇ ಕ್ಷಣಕಾಲ ನಿಲ್ಲುತ್ತಿತ್ತು.

ಸ್ಲಾಟ್ ಇದ್ದ ಮಾತ್ರಕ್ಕೆ ಹಾಟ್ ಸ್ವಾಪ್ ಇದೆ ಎಂದುಕೊಳ್ಳಬಾರದು. ಸಿಸ್ಕೊ 2800 ಸರಣಿಯ ಚಿಕ್ಕ ವ್ಯಾನ್ (ದೂರದ ಊರುಗಳನ್ನು ಬೆಸೆಯುವ ಜಾಲದ) ಇಂಟರ್‌ಫೇಸ್ ಕಾರ್ಡ್‌ಗಳನ್ನು ಬದಲಿಸಲು ರೂಟರನ್ನು ಆಫ್ ಮಾಡಲೇಬೇಕು. ಜುನಿಪರ್‌ನ ಚಾಸಿಗಳಲ್ಲಿ ಕಾರ್ಡನ್ನು ಮೊದಲು ಆಫ್‌ಲೈನ್ ಮಾಡಿ, ನಂತರ ಎಳೆಯುವುದು ಸರಿಯಾದ ಕ್ರಮ. ಕೈಪಿಡಿಯಲ್ಲಿ ಆಯಾ ಕಾರ್ಡ್‌ನ ಹೆಸರಿನ ಎದುರು ಏನು ಬರೆದಿದೆಯೋ ಅದೇ ಪ್ರಮಾಣ.

ಟ್ರಾಫಿಕ್‌ನ ಸಿದ್ಧತೆಗೆ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕಾರ್ಡ್‌ನ ಲಿಂಕ್‌ಗಳ ಓಎಸ್‌ಪಿಎಫ್ ಕಾಸ್ಟನ್ನು (ದಾರಿ ಆರಿಸುವ ಓಎಸ್‌ಪಿಎಫ್ ನಿಯಮಾವಳಿಯಲ್ಲಿ ಲಿಂಕ್‌ಗೆ ಕೊಡುವ ಬೆಲೆ; ಕಡಿಮೆ ಬೆಲೆಯ ದಾರಿಗೇ ಆದ್ಯತೆ) ಎರಡೂ ತುದಿಗಳಲ್ಲಿ ಏರಿಸಿ, ಟ್ರಾಫಿಕ್ ಬೇರೆ ದಾರಿ ಹಿಡಿದದ್ದನ್ನು ಕೌಂಟರ್‌ಗಳಲ್ಲಿ ಕಣ್ಣಾರೆ ಕಂಡ ಮೇಲೆಯೇ ಮುಂದುವರಿಯಬೇಕು. ನಾಲ್ಕು ಲಿಂಕ್‌ಗಳನ್ನು ಒಂದೇ ಲಿಂಕ್‌ನಂತೆ ಕಟ್ಟಿದ ಬಂಡಲ್ ಇದೆ, ಒಂದು ಹೋದರೂ ಮೂರು ಉಳಿಯುತ್ತವೆ ಎಂದು ನೆಮ್ಮದಿಯಿಂದಿರುವ ಜಾಲಗಳಲ್ಲಿ, ಆ ನಾಲ್ಕೂ ಒಂದೇ ಲೈನ್ ಕಾರ್ಡ್‌ನ ಪೋರ್ಟ್‌ಗಳಾಗಿರುವುದುಂಟು. ಕಾರ್ಡ್ ಎಳೆದೊಡನೆ ಬಂಡಲ್ ಪೂರ್ತಿ ಬೀಳುತ್ತದೆ. ಇದನ್ನು ವಿನ್ಯಾಸದ ಹಂತದಲ್ಲೇ ತಪ್ಪಿಸಬೇಕು. ಪ್ರೊಸೆಸರ್ ಕಾರ್ಡ್ ಎರಡಿದ್ದರೆ, ಕೆಲಸ ಮಾಡುತ್ತಿರುವುದನ್ನು ನೇರವಾಗಿ ಎಳೆಯದೆ, ಮೊದಲು ಆದೇಶ ಕೊಟ್ಟು ಹೊಣೆಯನ್ನು ಇನ್ನೊಂದಕ್ಕೆ ದಾಟಿಸಬೇಕು. 2007ರ ಆರ್‌ಎಫ್‌ಸಿ 4724 ಎಂಬ ಅಂತರಜಾಲ ಮಾನಕ ದಾಖಲೆಯಲ್ಲಿ ವಿವರಿಸಿದ ಬಿಜಿಪಿ (ಜಾಲಗಳ ನಡುವೆ ಮಾರ್ಗ ತಿಳಿಸುವ ನಿಯಮಾವಳಿ) ಗ್ರೇಸ್‌ಫುಲ್ ರೀಸ್ಟಾರ್ಟನ್ನು, ಅಂದರೆ ಸೆಷನ್ ಬಿದ್ದರೂ ಮಾರ್ಗಗಳನ್ನು ಕೆಲಕಾಲ ಉಳಿಸಿಕೊಳ್ಳುವ ಏರ್ಪಾಡನ್ನು ನೆಚ್ಚಿಕೊಂಡಿದ್ದರೆ, ನೆರೆಯ ರೂಟರ್ ಕೂಡ ಅದನ್ನು ಒಪ್ಪಿದೆಯೇ ಎಂದು ನೋಡಿಕೊಳ್ಳಬೇಕು. ಒಪ್ಪಿರದಿದ್ದರೆ ಸೆಷನ್ ಬಿದ್ದ ಕೂಡಲೇ ಅದು ಮಾರ್ಗಗಳನ್ನು ಕೈಬಿಡುತ್ತದೆ.

ಅದೇ ಬಗೆಯ ಕಾರ್ಡ್ ಹಾಕಿದರೆ ಹಳೆಯ ಕಾನ್ಫಿಗರೇಶನ್ ಸಾಮಾನ್ಯವಾಗಿ ತಾನಾಗಿ ಅನ್ವಯವಾಗುತ್ತದೆ. ಬೇರೆ ಬಗೆಯದಾದರೆ ಇಂಟರ್‌ಫೇಸ್‌ನ ಹೆಸರೇ ಬದಲಾಗಬಹುದಾದ್ದರಿಂದ, ಹೊಸ ಕಾನ್ಫಿಗರೇಶನ್ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಖಾಲಿ ಸ್ಲಾಟಿಗೆ ಮುಚ್ಚುಫಲಕ ಹಾಕದಿದ್ದರೆ ತಂಪುಗಾಳಿ ಅಲ್ಲಿಂದಲೇ ಸೋರಿ, ಪಕ್ಕದ ಕಾರ್ಡ್‌ಗಳು ಬಿಸಿಯೇರುತ್ತವೆ.

ಕೊನೆಯದಾಗಿ ಎಸ್‌ಎಫ್‌ಪಿ, ಅಂದರೆ ಪೋರ್ಟ್‌ಗೆ ಸಿಕ್ಕಿಸಿ ಫೈಬರ್ ಜೋಡಿಸುವ ಪುಟ್ಟ ಮಾಡ್ಯೂಲ್. ಅದನ್ನು ಸಿಕ್ಕಿಸಿದೊಡನೆ ರೂಟರ್ ಅದರ ಪುಟ್ಟ ಮೆಮೊರಿಯನ್ನು ಓದಿ, ತಯಾರಕರು, ತರಂಗಾಂತರ ಮುಂತಾದ ವಿವರ ಪಡೆಯುತ್ತದೆ. ಡಯಾಗ್ನೊಸ್ಟಿಕ್ಸ್ ಇರುವ ಮಾಡ್ಯೂಲ್‌ಗಳು ಒಳಬರುವ ಬೆಳಕಿನ ಪ್ರಮಾಣವನ್ನೂ ಹೇಳುತ್ತವೆ. ಫೈಬರ್ ತುದಿಯನ್ನು ಒರೆಸಿ ಜೋಡಿಸಿದ ನಂತರ ಈ ಪ್ರಮಾಣವನ್ನೂ ಎರರ್ ಕೌಂಟರ್‌ಗಳನ್ನೂ ಕೆಲಹೊತ್ತು ಗಮನಿಸಿ, ಎರಡೂ ಸ್ಥಿರವಾಗಿವೆ ಎಂದಾದ ಮೇಲಷ್ಟೇ ಓಎಸ್‌ಪಿಎಫ್ ಕಾಸ್ಟನ್ನು ಮೊದಲಿನ ಮಟ್ಟಕ್ಕೆ ಇಳಿಸಬೇಕು.