ಟ್ಯಾರೋ: ಆಡುವ ಎಲೆ ಭವಿಷ್ಯ ಹೇಳಿದ ಬಗೆ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲೋ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ಗಿಳಿಶಾಸ್ತ್ರ ಕೇಳಿದ ಹಿರಿಯರಿಗೆ ಟ್ಯಾರೋ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಿಳಿ ಪಂಜರದಿಂದ ಹೊರಬಂದು ಸಾಲಾಗಿ ಇಟ್ಟ ಎಲೆಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆಯುತ್ತಿತ್ತು. ಅದರಲ್ಲಿದ್ದ ಚಿತ್ರ ನೋಡಿ ಶಾಸ್ತ್ರದವನು ಫಲ ಹೇಳುತ್ತಿದ್ದ. ಟ್ಯಾರೋದಲ್ಲಿ ಗಿಳಿಯ ಕೆಲಸವನ್ನು ಪ್ರಶ್ನೆ ಕೇಳುವವರೇ ಮಾಡುತ್ತಾರೆ. ಕಲೆಸಿದ ಕಟ್ಟಿನಿಂದ ಅವರು ಎಲೆ ಎತ್ತಿಕೊಟ್ಟರೆ, ಓದುವವರು ಅರ್ಥ ಹೇಳುತ್ತಾರೆ.

ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 56 ನಮ್ಮ ಇಸ್ಪೀಟಿನ ದಾಯಾದಿಗಳೇ: ಬಟ್ಟಲು, ಕತ್ತಿ, ನಾಣ್ಯ, ಕೋಲು ಎಂಬ ನಾಲ್ಕು ಗುಂಪು, ಗುಂಪಿಗೆ 14. ರಾಜ, ರಾಣಿ, ಗುಲಾಮರ ಜೊತೆಗೆ ಒಬ್ಬ ಕುದುರೆ ಸವಾರ ಹೆಚ್ಚಿಗೆ ಇದ್ದಾನೆ. ಉಳಿದ 22ರಲ್ಲಿ ಚಕ್ರವರ್ತಿ, ಸನ್ಯಾಸಿ, ಭಾಗ್ಯಚಕ್ರ, ಮೃತ್ಯು, ಚಂದ್ರ, ಸೂರ್ಯ ಮೊದಲಾದ ಚಿತ್ರಗಳಿವೆ. ಇಂದು ಇವಕ್ಕೆ ಗೂಢಾರ್ಥದ ಎಲೆಗಳೆಂಬ ಗೌರವ. ಹುಟ್ಟಿದಾಗ ಇವು ಆಟದಲ್ಲಿ ಹೊಡೆಯುವ ತುರುಪಿನ ಎಲೆಗಳಾಗಿದ್ದವು.

ಹುಟ್ಟಿದ್ದು ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ. ಫ್ಲಾರೆನ್ಸ್‌ನಲ್ಲಿ 1440ರ ದಾಖಲೆ ಸಿಗುತ್ತದೆ. ಮಿಲಾನಿನ ದೊರೆಗಳಿಗಾಗಿ ಚಿನ್ನದ ರೇಕು ಹಚ್ಚಿ ಬರೆದ ಎಲೆಗಳು ಈಗಲೂ ಉಳಿದಿವೆ. ಮುಂದಿನ ಮುನ್ನೂರು ವರ್ಷ ಅದು ಮುಖ್ಯವಾಗಿ ಆಟವೇ.

ಭವಿಷ್ಯದ ನಂಟು ಗಟ್ಟಿಯಾದದ್ದು ಪ್ಯಾರಿಸಿನಲ್ಲಿ. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸ, ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ಜ್ಞಾನಗ್ರಂಥ ಎಂದು ಬರೆದುಬಿಟ್ಟ. ಈಜಿಪ್ಟಿನ ಚಿತ್ರಲಿಪಿಯನ್ನು ಆಗ ಯಾರಿಗೂ ಓದಲು ಬರುತ್ತಿರಲಿಲ್ಲ. ಶಾಂಪೋಲಿಯೋ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಬಿಡಿಸಿದ್ದು 1822ರಲ್ಲಿ. ಎಟೇಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇನ್ನೊಬ್ಬ ಭವಿಷ್ಯ ಹೇಳುವ ಕ್ರಮವನ್ನು ಪುಸ್ತಕ ಮಾಡಿದ, 1789ರ ಸುಮಾರಿಗೆ ಅದಕ್ಕೆಂದೇ ಪ್ರತ್ಯೇಕ ಕಟ್ಟು ತಂದ. ಈಜಿಪ್ಟಿನ ನಿಜವಾದ ಋಣ ಬೇರೆಯೇ ಇದೆ, ಅದನ್ನು ಹೇಳುವವರು ಕಡಿಮೆ. ಅಲ್ಲಿನ ಮಮ್ಲೂಕ್ ಸುಲ್ತಾನರ ಕಾಲದ ಎಲೆಗಳಲ್ಲಿ ಬಟ್ಟಲು, ಕತ್ತಿ, ನಾಣ್ಯ, ಪೋಲೊ ಆಟದ ದಾಂಡು ಇದ್ದವು. ಪೋಲೊ ಅರಿಯದ ಯುರೋಪಿನಲ್ಲಿ ದಾಂಡು ಬರೀ ಕೋಲಾಯಿತು.

ಇಂದು ಹೆಚ್ಚಾಗಿ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಬಹುತೇಕ ಹಳೆಯ ಕಟ್ಟುಗಳಲ್ಲಿ ‘ಮೂರು ಕತ್ತಿ’ ಎಂದರೆ ಮೂರು ಕತ್ತಿ ಮಾತ್ರ. ಈಕೆ ಮಳೆಯ ನಡುವೆ ಮೂರು ಕತ್ತಿ ಚುಚ್ಚಿದ ಕೆಂಪು ಹೃದಯ ಬರೆದರು. ಯಾರು ನೋಡಿದರೂ ನೋವು ಎಂದು ತಿಳಿಯುತ್ತದೆ. ಟ್ಯಾರೋ ಜನರ ಕೈಗೆ ಬಂದದ್ದು ಈ ಚಿತ್ರಗಳಿಂದ. ಆದರೆ ಕಟ್ಟಿಗೆ ಪ್ರಕಾಶಕ ರೈಡರ್, ಲೇಖಕ ವೇಟ್ ಇಬ್ಬರ ಹೆಸರೇ ನಿಂತಿತು. ಪಮೇಲಾಗೆ ಸಿಕ್ಕ ಸಂಭಾವನೆಯೂ ಅಲ್ಪ. ಅವರ ಹೆಸರನ್ನು ಮೊದಲು ಹೇಳಬೇಕು ಎಂಬುದು ನನ್ನ ಹಟ.

ಅವರ ಮೃತ್ಯುವಿನ ಎಲೆಯನ್ನೇ ನೋಡಿ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆಯ ಮೇಲೆ ಬರುತ್ತಿದೆ, ರಾಜ ನೆಲಕ್ಕುರುಳಿದ್ದಾನೆ, ಪುಟ್ಟ ಮಗು ಮಂಡಿಯೂರಿದೆ, ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ. ಓದುವವರು ಇದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ ಒಂದು ಘಟ್ಟ ಮುಗಿಯಿತು, ಇನ್ನೊಂದು ಶುರುವಾಗಲಿದೆ ಎಂದು. ಈ ಎಲೆ ತೋರಿಸಿ ಹೆದರಿಸಿ ಶಾಂತಿ ಮಾಡಿಸಲು ದುಡ್ಡು ಕೇಳುವವರಿದ್ದರೆ ಎದ್ದು ಬನ್ನಿ.

ಚಿತ್ರದಲ್ಲಿ ಗ್ರಹಗತಿ ಓದುವುದು ನಮ್ಮ ನೆಲಕ್ಕೂ ಹಳೆಯದು. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1570ರಲ್ಲಿ, ವಿಜಯಪುರದಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಹಸ್ತಪ್ರತಿಯಲ್ಲಿ ರಾಶಿ, ಗ್ರಹ, ಶಕ್ತಿದೇವತೆಗಳ ಬಣ್ಣದ ಚಿತ್ರಗಳು ತುಂಬಿವೆ. ಅದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಬೆಳಗಾವಿಯಿಂದ ಅಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ದುಂಡನೆಯ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಲ್ಲೇ ಬರೆಯುತ್ತಾರೆ. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮತ್ಸ್ಯನಿಂದ ಕಲ್ಕಿಯವರೆಗೆ ದೇವರೆಲ್ಲ ಅದರಲ್ಲಿದ್ದರೂ, ಅದನ್ನು ಮಾಡಿದ್ದು ಆಡುವುದಕ್ಕೆ.