ಸೆಲ್ ಎಂಬ ಪುಟ್ಟ ಕೋಣೆ

ನಮ್ಮ ಅಜ್ಜಿ ಮನೆಯಲ್ಲಿ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಅದರೊಳಗೆ ಹಾಕುವುದು ಸೆಲ್ಲು. ಬೆಳಕು ಮಂಕಾದರೆ ಅಜ್ಜಿ ಸೆಲ್ಲುಗಳನ್ನು ತೆಗೆದು ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಬಿಸಿ ತಾಗಿದರೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ. ಹಾಗಾಗಿ ರಾತ್ರಿ ಕೊಟ್ಟಿಗೆಗೆ ಹೋಗಿಬರುವಷ್ಟು ಬೆಳಕು ಸಿಗುತ್ತಿತ್ತು. ಪೂರ್ತಿ ಸತ್ತ ಸೆಲ್ಲು ಮಕ್ಕಳ ಪಾಲು. ಕಲ್ಲಿನಿಂದ ಜಜ್ಜಿದರೆ ಕಪ್ಪು ಪುಡಿ, ಅದರ ನಡುವೆ ನುಣ್ಣನೆಯ ಒಂದು ಕಪ್ಪು ಕಡ್ಡಿ. ಆ ಕಡ್ಡಿ ಹಿಡಿದು ಜಗಲಿ ತುಂಬಾ ಗೀಚುತ್ತಿದ್ದೆವು.

ಮುಂದೆ ಹೈಸ್ಕೂಲಿನಲ್ಲಿ ಮೇಷ್ಟ್ರು ಈರುಳ್ಳಿಯ ತೆಳು ಪೊರೆ ಸುಲಿದು, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು. "ಇದೇ ಜೀವಕೋಶ. ಇಂಗ್ಲಿಷಿನಲ್ಲಿ ಸೆಲ್" ಎಂದರು. ನನಗೆ ಥಟ್ಟನೆ ಜಗಲಿಯ ಮೇಲಿನ ಕಪ್ಪು ಗೀಟು ನೆನಪಾಯಿತು. ಟಾರ್ಚಿನ ಸೆಲ್ಲಿಗೂ ಈರುಳ್ಳಿಯ ಸೆಲ್ಲಿಗೂ ಏನು ನಂಟು? ಅವತ್ತು ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಸೆಲ್ ಫೋನ್ ಕೈಗೆ ಬಂದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು.

ಮೂಲ ಲ್ಯಾಟಿನ್ ಭಾಷೆಯ ‘ಸೆಲ್ಲಾ’. ಅಂದರೆ ಪುಟ್ಟ ಕೋಣೆ. ರೋಮನ್ನರು ಕಾಳು, ಎಣ್ಣೆ, ದ್ರಾಕ್ಷಾರಸ ಇಡುವ ಉಗ್ರಾಣಕ್ಕೆ ಹಾಗೆನ್ನುತ್ತಿದ್ದರು. ದೇವಾಲಯದಲ್ಲಿ ಮೂರ್ತಿ ಇರುವ ಒಳಕೋಣೆಗೂ, ನಮ್ಮ ಗರ್ಭಗುಡಿಗೆ ಸಮನಾದ ಜಾಗಕ್ಕೂ, ಅದೇ ಹೆಸರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾರು ನಿಲ್ಲಿಸುವ ಸೆಲ್ಲಾರ್ ಕೂಡ ಇದೇ ಮನೆತನದ್ದು. ಇನ್ನೂ ಹಿಂದಕ್ಕೆ ಹೋದರೆ ಮುಚ್ಚು, ಮರೆಮಾಡು ಎಂಬ ಅರ್ಥದ ಬೇರು ಸಿಗುತ್ತದೆ. ಸಂಸ್ಕೃತದ ‘ಶಾಲಾ’ ಕೂಡ ಅದೇ ಬೇರಿನಿಂದ ಬಂದದ್ದು ಎಂದು ಹಲವು ಭಾಷಾತಜ್ಞರು ಹೇಳುತ್ತಾರೆ. ಪಾಕಶಾಲೆ, ಗೋಶಾಲೆ, ಮಕ್ಕಳು ದಿನಾ ಹೋಗುವ ಶಾಲೆ, ಇವೆಲ್ಲ ಸೆಲ್ಲಿನ ದೂರದ ನೆಂಟರು! ಇದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಇಂಗ್ಲಿಷಿಗೆ ಬಂದಾಗ ಈ ಪದ ಸನ್ಯಾಸಿಗಳ ಜೊತೆ ಇತ್ತು. ಮಠದಲ್ಲಿ ಒಬ್ಬೊಬ್ಬರೂ ಒಂಟಿಯಾಗಿ ಇರುವ ಕೋಣೆ ಸೆಲ್. ಜೇನುಗೂಡಿನ ಮೇಣದ ಕೋಣೆಗೂ ಅದೇ ಹೆಸರಾಯಿತು. ವಿಜ್ಞಾನಕ್ಕೆ ಬಾಗಿಲು ತೆರೆದದ್ದು ಈ ಜೇನುಗೂಡು.

1665ರಲ್ಲಿ ಲಂಡನ್ನಿನ ವಿಜ್ಞಾನಿ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯಾ’ ಪುಸ್ತಕವನ್ನು ಹೊರತಂದ. ಬಾಟಲಿಗೆ ಬಿರಡೆ ಮಾಡುತ್ತಾರಲ್ಲ, ಮರದ ತೊಗಟೆಯ ಆ ಕಾರ್ಕನ್ನು ಅವನು ಹರಿತವಾದ ಚಾಕುವಿನಿಂದ ತೀರಾ ತೆಳ್ಳಗೆ ಹೆರೆದ. ಕಾರ್ಕ್ ಬಿಳಿಚು ಬಣ್ಣದ್ದು ಅಂತ ಕಪ್ಪು ತಟ್ಟೆಯ ಮೇಲಿಟ್ಟ. ಮಸೂರದಿಂದ ಬೆಳಕು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ತುಂಬಾ ಚಿಕ್ಕ ಚಿಕ್ಕ ಗೂಡುಗಳು, ಥೇಟ್ ಜೇನುಗೂಡಿನ ಹಾಗೆ! ಅವುಗಳನ್ನು ಸೆಲ್ ಎಂದು ಕರೆದ. ಸನ್ಯಾಸಿಗಳ ಕೋಣೆ ನೆನಪಾಗಿ ಹಾಗೆ ಕರೆದ ಎಂಬ ಕಥೆ ಎಷ್ಟೋ ಕಡೆ ಓದಲು ಸಿಗುತ್ತದೆ. ಆದರೆ ಅವನೇ ಬರೆದಿರುವ ಹೋಲಿಕೆ ಜೇನುಗೂಡಿನದು.

ಹುಕ್ ಸುಮ್ನೆ ನೋಡಿ ಬಿಡುವವನಲ್ಲ, ಎಣಿಸಿದ. ಒಂದು ಇಂಚು ಉದ್ದಕ್ಕೆ 1,080 ಗೂಡು. ಹಾಗಾದರೆ ಒಂದು ಇಂಚು ಉದ್ದ, ಅಗಲ, ಎತ್ತರದ ಕಾರ್ಕ್ ತುಂಡಿನಲ್ಲಿ? 125 ಕೋಟಿ 97 ಲಕ್ಷ 12 ಸಾವಿರ. ಕಣ್ಣಾರೆ ಕಾಣದಿದ್ದರೆ ನಂಬುವುದು ಕಷ್ಟ ಎಂದು ಅವನೇ ಬೆರಗಾಗಿದ್ದಾನೆ.

ಆದರೆ ಅವನು ಕಂಡದ್ದು ಸತ್ತ ತೊಗಟೆಯ ಗೋಡೆಗಳನ್ನು. ಒಳಗೆ ಏನೂ ಉಳಿದಿರಲಿಲ್ಲ. ಹಸಿ ಗಿಡಗಳಲ್ಲಿ ಈ ಗೂಡುಗಳ ತುಂಬ ರಸ ಇರುವುದನ್ನೂ ಅವನು ಕಂಡಿದ್ದ. ಆ ರಸವೇ ಮುಖ್ಯ ಎಂದು ಅರಿವಾಗಲು ಸುಮಾರು 200 ವರ್ಷ ಬೇಕಾಯಿತು. 1838ರಲ್ಲಿ ಜರ್ಮನಿಯ ವಿಜ್ಞಾನಿ ಶ್ಲೈಡೆನ್ ಗಿಡಗಳೆಲ್ಲ ಸೆಲ್‌ಗಳಿಂದಲೇ ಆಗಿವೆ ಎಂದ. ಮರುವರ್ಷ ಅದೇ ದೇಶದ ಶ್ವಾನ್ ಪ್ರಾಣಿಗಳೂ ಹಾಗೇ ಎಂದ. ಸೆಲ್ ಹುಟ್ಟುವುದು ಇನ್ನೊಂದು ಸೆಲ್‌ನಿಂದಲೇ ಎಂಬ ಮಾತನ್ನು 1850ರ ದಶಕದಲ್ಲಿ ಜರ್ಮನ್ ವೈದ್ಯ ಫಿರ್ಕೊ ಗಟ್ಟಿಯಾಗಿ ನಿಲ್ಲಿಸಿದ. ಅಷ್ಟು ಹೊತ್ತಿಗೆ ಖಾಲಿ ಕೋಣೆಯ ಹೆಸರು ಜೀವ ತುಂಬಿದ ವಸ್ತುವಿಗೆ ಅಂಟಿಕೊಂಡಾಗಿತ್ತು. ನಮ್ಮ ಮೈಯಲ್ಲೇ ಸುಮಾರು 30 ಲಕ್ಷ ಕೋಟಿಗೂ ಜಾಸ್ತಿ ಇವೆ ಎಂಬುದು ಈಗಿನ ಅಂದಾಜು. ಖಾಲಿ ಅನ್ನುವಂಥದ್ದು ಅವುಗಳಲ್ಲಿ ಒಂದೂ ಇಲ್ಲ.

ಇಲ್ಲಿ ಕನ್ನಡದ ಹೆಸರು ನನಗೆ ಹೆಚ್ಚು ಇಷ್ಟ. ಕೋಶ ಅಂದರೆ ಬರೀ ಕೋಣೆ ಅಲ್ಲ. ಬೊಕ್ಕಸವೂ ಕೋಶ, ಪದಗಳನ್ನು ಕೂಡಿಟ್ಟರೆ ಪದಕೋಶ, ರೇಷ್ಮೆ ಹುಳು ತನ್ನ ಸುತ್ತ ನೇಯ್ದುಕೊಳ್ಳುವ ಗೂಡೂ ಕೋಶ. ಎಲ್ಲದರಲ್ಲೂ ಒಳಗೆ ಬೆಲೆಬಾಳುವುದು ಏನೋ ಇದೆ, ಹೊರಗೆ ಅದನ್ನು ಕಾಯುವ ಹೊದಿಕೆ ಇದೆ. ಹುಕ್‌ನ ಅರಿವಿಗೆ ಬಾರದೆ ಹೋದದ್ದು ‘ಜೀವಕೋಶ’ ಎಂಬ ಮಾತಿನಲ್ಲಿ ಸೇರಿಕೊಂಡಿದೆ.

ಟಾರ್ಚಿನ ಸೆಲ್ಲಿಗೂ ಕೋಣೆಯೇ ಮೂಲ. 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಸತು ಮತ್ತು ಬೆಳ್ಳಿಯ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನ ಒದ್ದೆ ಬಟ್ಟೆಯಂಥದ್ದನ್ನು ಇಟ್ಟು ವಿದ್ಯುತ್ ಪಡೆದ. ಎತ್ತರ ಪೇರಿಸಿದರೆ ಭಾರಕ್ಕೆ ನೀರು ಹಿಂಡಿ ಹೋಗುತ್ತಿತ್ತು. ಇಂಗ್ಲೆಂಡಿನ ಕ್ರೂಕ್‌ಶ್ಯಾಂಕ್ ಆ ಸಾಲನ್ನು ಮಲಗಿಸಿದ. ಉದ್ದನೆಯ ಮರದ ತೊಟ್ಟಿಯಲ್ಲಿ ಲೋಹದ ತಗಡುಗಳನ್ನು ಅಡ್ಡಡ್ಡ ನಿಲ್ಲಿಸಿ, ನಡುವಿನ ಜಾಗಕ್ಕೆ ದ್ರಾವಣ ತುಂಬಿದ. ತಗಡುಗಳ ನಡುವಿನ ಆ ಒಂದೊಂದು ಖಾನೆಯೂ ಕೋಣೆಯೇ ಅಲ್ವಾ? ಅದೇ ಸೆಲ್. ಬ್ಯಾಟರಿ ಎಂಬುದು ತೋಪುಗಳ ಸಾಲಿಗೆ ಇದ್ದ ಹೆಸರು. ವಿದ್ಯುತ್ ಕೂಡಿಡುವ ಗಾಜಿನ ಸಾಧನಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಆ ಹೆಸರು ಕೊಟ್ಟವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಅಂದರೆ 1.5 ವೋಲ್ಟಿನ ಒಂಟಿ ಸೆಲ್ ಬ್ಯಾಟರಿ ಅಲ್ಲ. ಮೂರು ಸೆಲ್ ಸಾಲಾಗಿ ಕೂತ ಟಾರ್ಚಿನ ಹೊಟ್ಟೆಯಲ್ಲಿ ಇರುವುದು ಬ್ಯಾಟರಿ. ಅಜ್ಜಿ ಮನೆಯ ಮಾತು ಸರಿಯಾಗಿಯೇ ಇತ್ತು.

ಅಂಡಮಾನಿನ ಸೆಲ್ಯುಲರ್ ಜೈಲಿನ ಹೆಸರೂ ಹೀಗೇ ಬಂದದ್ದು. 1906ರಲ್ಲಿ ಕಟ್ಟಿ ಮುಗಿಸಿದ ಅದರಲ್ಲಿ ಏಳು ಸಾಲು, ಏಳುನೂರರ ಹತ್ತಿರ ಒಂಟಿ ಕೋಣೆಗಳು. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು ಕಾಣುವಂತೆ ಕಟ್ಟಿದ್ದರು. ಕೈದಿಗೆ ಎದುರಿನವನ ಮುಖವೂ ಕಾಣಬಾರದು.

ಅದೇ ‘ಸೆಲ್ಯುಲರ್’ ಪದ ಫೋನಿಗೆ ಬಂದಾಗ ಮಾತನ್ನು ಬೆಸೆಯಿತು. ರೇಡಿಯೋ ಅಲೆಗಳ ಚಾನಲ್‌ಗಳು ಕೆಲವೇ, ಮಾತಾಡುವವರು ಸಾವಿರಾರು. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಡಗ್ಲಸ್ ರಿಂಗ್ ಒಂದು ಟಿಪ್ಪಣಿ ಬರೆದ. ಊರನ್ನು ಆರು ಮೂಲೆಯ ಪುಟ್ಟ ವಲಯಗಳಾಗಿ ಹಂಚೋಣ, ಪಕ್ಕಪಕ್ಕದ ವಲಯಗಳಿಗೆ ಬೇರೆ ಬೇರೆ ಚಾನಲ್ ಕೊಡೋಣ, ದೂರದ ವಲಯದಲ್ಲಿ ಅದೇ ಚಾನಲ್ಲನ್ನು ಮತ್ತೆ ಬಳಸೋಣ ಎಂದು. ಆರು ಮೂಲೆಯೇ ಯಾಕೆ? ದುಂಡಗಿನ ವಲಯಗಳನ್ನು ಪಕ್ಕಪಕ್ಕ ಇಟ್ಟರೆ ನಡುವೆ ಸಂದು ಉಳಿಯುತ್ತದೆ. ಸಂದೇ ಇಲ್ಲದೆ ಜೋಡಿಸಬಹುದಾದ ಸಮಬಾಹುಗಳ ಆಕಾರಗಳಲ್ಲಿ ದುಂಡಿಗೆ ತೀರಾ ಹತ್ತಿರದ್ದು ಆರು ಮೂಲೆಯದು. ಜೇನುಗೂಡಿನ ಮೇಣದ ಕೋಣೆಯ ಆಕಾರ ಅದು.

ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುತ್ತಾ ಫೋನಿನಲ್ಲಿ ಮಾತಾಡಿದರೆ, ನಮಗೆ ಗೊತ್ತಾಗದ ಹಾಗೆ ನಮ್ಮ ಮಾತು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟುತ್ತಾ ಹೋಗುತ್ತದೆ. ರಾಮನಗರದ ಬಂಡೆಗಳ ಹತ್ತಿರ ಕೆಲವೊಮ್ಮೆ ಮಾತು ಟಕ್ಕನೆ ಕಡಿದುಹೋದಾಗ ನಾನು ಕಿಟಕಿಯಾಚೆ ನೋಡುತ್ತೇನೆ. ಇಲ್ಲೇ ಎಲ್ಲೋ ಕಣ್ಣಿಗೆ ಕಾಣದ ಒಂದು ಗೋಡೆ ಇರಬೇಕು.