ಬೆನ್ನಿಗೆ ಕಟ್ಟಿದ ಸೆನ್ಸರ್ ನಾನು ಎಲ್ಲಿ ಹೋದೆ ಅಂತಾನೂ ಹೇಳುತ್ತಾ?

ಪ್ರಶ್ನೆ: ದಾವಣಗೆರೆಯ ಒಂದು ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತೇನೆ. ಈಗ ಬೆನ್ನಿಗೆ, ತೋಳಿಗೆ ಬೆಂಕಿಪೊಟ್ಟಣದಷ್ಟು ಸೆನ್ಸರ್ ಕಟ್ಟುತ್ತಿದ್ದಾರೆ. ಸೊಂಟನೋವು ತಪ್ಪಿಸೋಕೆ ಅಂತಾರೆ. ನಾನು ಎಲ್ಲಿ ಹೋದೆ, ಎಷ್ಟು ಹೊತ್ತು ಸುಮ್ನೆ ಇದ್ದೆ ಅಂತಾನೂ ಇದು ಹೇಳುತ್ತಾ?

ಉತ್ತರ: ಎಲ್ಲಿ ಹೋದಿರಿ ಅಂತ ಈ ಸೆನ್ಸರ್ ಒಂದೇ ಹೇಳಲಾರದು. ಎಷ್ಟು ಹೊತ್ತು ಅಲುಗಾಡದೆ ಇದ್ದಿರಿ ಅಂತ ಹೇಳುತ್ತದೆ. ಯಾಕೆ ಅಂತ ಮಾತ್ರ ಅದಕ್ಕೆ ತಿಳಿಯದು. ಲಾರಿಗೆ ಕಾಯುತ್ತಾ ನಿಂತವರೂ ದಣಿವಾರಿಸಿಕೊಳ್ಳುವವರೂ ಅದಕ್ಕೆ ಒಂದೇ.

ಒಳಗಿರುವುದು ಮುಖ್ಯವಾಗಿ ಎರಡು. ಒಂದು ಆಕ್ಸಿಲರೋಮೀಟರ್. ತೀರಾ ಚಿಕ್ಕ ಸಿಲಿಕಾನ್ ತುಂಡೊಂದು ಸ್ಪ್ರಿಂಗ್ ಮೇಲೆ ತೂಗುತ್ತಿರುತ್ತದೆ. ಭೂಮಿ ಅದನ್ನು ಸದಾ ಕೆಳಕ್ಕೆ ಎಳೆಯುತ್ತದೆ. ಗಾರೆ ಮೇಸ್ತ್ರಿ ಗೋಡೆಗೆ ಇಳಿಬಿಡುವ ತೂಕದ ಗುಂಡಿನ ಹಾಗೆ, ಅಲ್ವಾ? ನೆಟ್ಟಗಿನ ಗೆರೆ ಯಾವುದು ಅಂತ ತಿಳಿದರೆ ಬೆನ್ನು ಎಷ್ಟು ಬಾಗಿದೆ ಅಂತಾನೂ ತಿಳಿಯುತ್ತದೆ. ಇನ್ನೊಂದು ಗೈರೋಸ್ಕೋಪ್. ಮೈ ಎಷ್ಟು ಬೇಗ ತಿರುಗಿತು ಅಂತ ಅದು ಅಳೆಯುತ್ತದೆ. ನಿಮ್ಮ ಮೊಬೈಲಿನಲ್ಲೂ ಸಾಮಾನ್ಯವಾಗಿ ಇವೆರಡೂ ಇರುತ್ತವೆ. ಕೆಲವು ಸೆನ್ಸರ್ ಡಬ್ಬಿಗಳಲ್ಲಿ ದಿಕ್ಸೂಚಿಯೂ ಇರುತ್ತದೆ, ಆದರೆ ಮೋಟಾರು, ಕಬ್ಬಿಣದ ಕಂಬಗಳ ಹತ್ತಿರ ಅದು ದಾರಿ ತಪ್ಪುತ್ತದೆ.

ಇಷ್ಟರಿಂದಲೇ ಜಾಗ ಲೆಕ್ಕ ಹಾಕಲು ಹೋದರೆ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಒಂದು ನಿಮಿಷದೊಳಗೆ ಲೆಕ್ಕ ಎಷ್ಟೋ ಮೀಟರ್ ಆಚೆ ಹೋಗಬಹುದು. ಆದರೆ ಅದೇ ಡಬ್ಬಿಯಲ್ಲಿ ಜಿಪಿಎಸ್ ಇದ್ದರೆ, ಅಥವಾ ಬ್ಲೂಟೂತ್ ಇದ್ದು ಗೋದಾಮಿನ ಗೋಡೆಗಳಲ್ಲಿ ಅದನ್ನು ಹಿಡಿಯುವ ಪೆಟ್ಟಿಗೆಗಳಿದ್ದರೆ, ನೀವಿರುವ ಜಾಗ ಗೊತ್ತಾಗುತ್ತದೆ. ತಗಡಿನ ಸೂರಿನಡಿ ಜಿಪಿಎಸ್ ಸರಿಯಾಗಿ ಸಿಗದು, ಹಾಗಾಗಿ ಎರಡನೆಯದೇ ಜಾಸ್ತಿ. ಡಬ್ಬಿಯಲ್ಲಿ ಇನ್ನೇನಿದೆ ಅಂತ ಮೊದಲು ಕೇಳಿ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಮಾತು. ಈ ಸೆನ್ಸರಿಗೆ ತೂಕ ಗೊತ್ತಿಲ್ಲ. ಒಂದೇ ರೀತಿ ಬಾಗಿ ಎತ್ತಿದರೆ 25 ಕೆ.ಜಿ. ಚೀಲಕ್ಕೂ 50 ಕೆ.ಜಿ. ಚೀಲಕ್ಕೂ ಅದು ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟೀತು. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರವೊಂದಿದೆ, ಎಷ್ಟು ತೂಕ ಎತ್ತಬಹುದು ಅಂತ ಹೇಳುವುದು. ಎಲ್ಲವೂ ಅನುಕೂಲವಾಗಿದ್ದಾಗಲೂ ಅದರ ಮಿತಿ 23 ಕೆ.ಜಿ. ಮಾತ್ರ. ಹೊರೆ ಮೈಯಿಂದ ದೂರ ಇದ್ದರೆ, ನೆಲದಿಂದ ಎತ್ತಿದರೆ, ಸೊಂಟ ತಿರುಚಿದರೆ, ಪದೇ ಪದೇ ಎತ್ತಿದರೆ ಆ ಮಿತಿ ಇನ್ನೂ ಇಳಿಯುತ್ತದೆ. 50 ಕೆ.ಜಿ. ಚೀಲ ಹೊರುವವರಿಗೆ "ನೀವು ಸರಿಯಾಗಿ ಬಾಗುತ್ತಿಲ್ಲ" ಅಂತ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ನೆಲದಿಂದ ಎತ್ತುವಾಗ ಎಲ್ಲರ ಬೆನ್ನೂ ಬಾಗುತ್ತಿದೆ ಅಂತ ಅಂಕಿ ತೋರಿಸಿದರೆ, ಚೀಲಗಳನ್ನು ಸೊಂಟದೆತ್ತರದ ಕಟ್ಟೆ ಮೇಲೆ ಇಡಬೇಕು. ಚೀಲದ ತೂಕ ಇಳಿಸಬೇಕು. ಆಗ ಮಾತ್ರ ಈ ಡಬ್ಬಿ ಕಟ್ಟಿಕೊಂಡಿದ್ದಕ್ಕೆ ಅರ್ಥ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಕೆಲಸಕ್ಕೆ ಸಂಬಂಧಿಸಿದ ಕೆಲವು ಕಾರಣಗಳಿಗೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಡುತ್ತದೆ. ಅದಕ್ಕೇ ನಾಲ್ಕು ಜನ ಒಟ್ಟಾಗಿ ಹೋಗಿ ಕೇಳುವುದು ಒಳ್ಳೆಯದು: ಈ ಲೆಕ್ಕ ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಕೂಲಿಗೂ ಇದಕ್ಕೂ ಸಂಬಂಧ ಇದೆಯಾ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

ಇನ್ನೊಂದು ಮಾತು. ಕಟ್ಟಿದ ಮೇಲೆ ಒಂದು ಗಳಿಗೆ ನೆಟ್ಟಗೆ ನಿಲ್ಲಿ ಅಂದರೆ ಹಾಗೇ ನಿಲ್ಲಿ. ಅಲ್ಲಿಂದಲೇ ಅದು ಬಾಗು ಅಳೆಯುತ್ತದೆ. ಮಧ್ಯೆ ಪಟ್ಟಿ ಜಾರಿದರೆ ತಕ್ಷಣ ಹೇಳಿ, ಇಲ್ಲದಿದ್ದರೆ ನೀವು ಬಾಗದ ಬಾಗೂ ನಿಮ್ಮ ಹೆಸರಿಗೇ ಬರೆಯಲಾಗುತ್ತದೆ.